ಮುಖಕ್ಕೆ ಹಚ್ಚೋ ಟ್ಯೂಬಿಗೂ ಡಾಕ್ಟರ ಚೀಟಿ ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯ ಮಹಿಳೆಯರ ಪುಟದಲ್ಲಿ, ಕೆಳಗಡೆ ಒಂದು ಚೌಕದೊಳಗೆ, ಹದಿನೈದು ದಿನದಲ್ಲಿ ಮುಖ ಬೆಳ್ಳಗಾಗಲು ಮನೆಮದ್ದು ಅಂತ ಬಂದಿತ್ತು. ಒಂದು ಚಮಚ ನಿಂಬೆರಸಕ್ಕೆ ಅರ್ಧ ಚಮಚ ಅಡುಗೆ ಸೋಡಾ ಕಲಸಿ, ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ ಅಂತ. ಬರೆದವರ ಹೆಸರಿರಲಿಲ್ಲ. ಸೋಮವಾರ ಬೆಳಿಗ್ಗೆ ನಮ್ಮ ಖಾಯಂ ಗಿರಾಕಿಯೊಬ್ಬರು ಆ ಚೌಕವನ್ನು ನೀಟಾಗಿ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಬಂದರು. 'ಅಕ್ಕ, ಇದನ್ನ ನೀವೇ ಹಚ್ಚಿಬಿಡಿ, ಮನೇಲಿ ಕಲಸ್ತಾ ಕೂರೋಕೆ ಬೇಜಾರು' ಅಂದರು. ಅದಕ್ಕೇ ಈ ಪತ್ರ ಬರೆಯಬೇಕಾಯಿತು.

ನಾನು ಅರಸೀಕೆರೆಯಲ್ಲಿ 17 ವರ್ಷದಿಂದ ಎರಡು ಕುರ್ಚಿಯ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಆರು ತಿಂಗಳು ಕೆಲಸ ಕಲಿತೆ, ಅಷ್ಟೇ ಓದು. ಆದರೆ ಊರಿನ ಹೆಂಗಸರ ಮುಖವನ್ನು ನನ್ನಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರೂ ಇರಲಿಕ್ಕಿಲ್ಲ. ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು ಹುಬ್ಬು ತೆಗೆಯುವಾಗ ನನ್ನ ಕಣ್ಣಿಗೂ ಅವರ ಚರ್ಮಕ್ಕೂ ಒಂದು ಗೇಣು ಅಂತರ. ಯಾರು ಏನು ಹಚ್ಚುತ್ತಾರೆ ಅಂತ ಅವರು ಹೇಳದಿದ್ದರೂ ಚರ್ಮ ಹೇಳಿಬಿಡುತ್ತೆ.

ಮೊದಲು ನಿಂಬೆಹಣ್ಣಿನ ವಿಷಯ ಮುಗಿಸಿಬಿಡುತ್ತೇನೆ. ನಿಂಬೆರಸ ಹುಳಿ, ಸೋಡಾ ಅದಕ್ಕೆ ಪೂರ್ತಿ ಉಲ್ಟಾ. ಎರಡನ್ನೂ ಕಲಸಿದರೆ ನೊರೆ ಬರುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಯಾವುದು ಜಾಸ್ತಿ ಬಿತ್ತೋ ಅದು ಮುಖದ ಮೇಲೆ ಉಳಿಯುತ್ತೆ. ಎರಡರಲ್ಲಿ ಯಾವುದು ಉಳಿದರೂ ಚರ್ಮಕ್ಕೆ ಒಳ್ಳೆಯದಲ್ಲ. ನಿಂಬೆರಸದ ಇನ್ನೊಂದು ಗುಣ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯದ ಹಾಗೆ ಆಗಿ, ಆಮೇಲೆ ಕಪ್ಪು ಕಲೆ ನಿಲ್ಲುತ್ತೆ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಒಬ್ಬರು ಕೆನ್ನೆಗೆ ನಿಂಬೆ ಹೋಳು ಉಜ್ಜಿಕೊಂಡು, ಸರಿಯಾಗಿ ತೊಳೆಯದೆ, ತಾರಸಿ ಮೇಲೆ ಹುಣಸೆಹಣ್ಣು ಒಣಗಿಸುತ್ತಾ ಕೂತರು. ರಸ ಕುತ್ತಿಗೆವರೆಗೆ ಇಳಿದಿತ್ತು. ಅದು ಇಳಿದ ದಾರಿಯಲ್ಲೇ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ ಮೂಡಿತು. ಹೋಗೋಕೆ ಆರು ತಿಂಗಳು ಹಿಡಿಯಿತು. ಬೆಳ್ಳಗಾಗಲು ಹೋಗಿ ಆದದ್ದು ಇದು.

ನಿಂಬೆಹಣ್ಣಿನ ಕಲೆ ಇವತ್ತಲ್ಲ ನಾಳೆ ಹೋಗುತ್ತೆ. ನನ್ನ ನಿಜವಾದ ತಕರಾರು ಇನ್ನೊಂದರ ಮೇಲೆ.

ಹೋದ ಮಾಘ ಮಾಸದಲ್ಲಿ ಒಂದು ಹುಡುಗಿ ಬಂದಳು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಮದುವೆ ನಿಶ್ಚಯವಾಗಿತ್ತು. ಹುಬ್ಬು ಮತ್ತು ಮೇಲ್ತುಟಿ ಥ್ರೆಡಿಂಗ್ ಮಾಡಿ ಅಂದಳು. ಮುಖ ಬಿಳುಚಿಕೊಂಡು ಮಿರಮಿರ ಹೊಳೆಯುತ್ತಿತ್ತು, ಆದರೆ ಕಿವಿ, ಕುತ್ತಿಗೆ, ಕೈ ಎಲ್ಲ ಅವಳ ಹುಟ್ಟು ಬಣ್ಣ. ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿದರೆ ಕೆನ್ನೆ ಮೇಲೆ ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತಿದ್ದವು. ದವಡೆ ಹತ್ತಿರ ನುಣ್ಣನೆ ಕೂದಲು. ನನಗೆ ಅನುಮಾನ ಬಂತು, ಆದರೂ ಹೊರಗೆ ನಾಲ್ಕು ಜನ ಕಾಯುತ್ತಿದ್ದರು, ದಾರ ಹಿಡಿದೆ. ಮೇಲ್ತುಟಿಯ ಮೇಲೆ ಎರಡು ಸಲ ಎಳೆದಿದ್ದೆ. ಮೂರನೇ ಸಲಕ್ಕೆ ಕೂದಲಿನ ಜೊತೆ ಚರ್ಮವೂ ಬಂತು. ಬೇಯಿಸಿದ ಆಲೂಗಡ್ಡೆ ಸಿಪ್ಪೆ ಬರುತ್ತಲ್ಲ, ಹಾಗೆ. ಅವಳು ಕಿರುಚಲಿಲ್ಲ. ನನ್ನ ಕೈಯೇ ನಡುಗಿತು.

ಐಸ್ ಇಟ್ಟು, ಕೂರಿಸಿ, ಏನು ಹಚ್ತೀಯಮ್ಮ ಅಂತ ಕೇಳಿದೆ. 'ಏನೂ ಇಲ್ಲ ಅಕ್ಕ, ಸುಮ್ನೆ ಒಂದು ಕ್ರೀಮು, ಮೆಡಿಕಲಲ್ಲಿ ಕೊಟ್ಟಿದ್ದು' ಅಂದಳು. ಟ್ಯೂಬು ಬ್ಯಾಗಲ್ಲೇ ಇತ್ತು. ಐದು ತಿಂಗಳಿಂದ ದಿನಾ ರಾತ್ರಿ ಹಚ್ಚುತ್ತಿದ್ದಳಂತೆ, ಜೊತೆ ಕೆಲಸದವಳು ಹೇಳಿಕೊಟ್ಟದ್ದು. ಟ್ಯೂಬನ್ನು ಬುಡದಿಂದ ಸುತ್ತಿ ಸುತ್ತಿ ಹಿಂಡಿ, ಕೊನೆಗೆ ಕತ್ತರಿಯಲ್ಲಿ ಕತ್ತರಿಸಿ ಒಳಗಿನದನ್ನೂ ಬಳಿದಿದ್ದಳು.

ಅದರ ಮೇಲೆ ಬರೆದಿದ್ದು ಓದೋಣ ಅಂದರೆ ಎಲ್ಲ ಇಂಗ್ಲಿಷು, ಅದೂ ಸಾಸಿವೆಗಿಂತ ಸಣ್ಣ ಅಕ್ಷರ. ಫೋನಲ್ಲಿ ಫೋಟೊ ಹೊಡೆದು, ದೊಡ್ಡದು ಮಾಡಿ, ಪಿಯುಸಿ ಓದುವ ನನ್ನ ಮಗನ ಕೈಲಿ ಓದಿಸಿದೆ. ಮೂರು ಹೆಸರು ಇದ್ದವು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಅದರ ಕೆಳಗೆ ಇನ್ನೊಂದು ಸಾಲು: ನೋಂದಾಯಿತ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರತಕ್ಕದ್ದು. ಮೂಲೆಯಲ್ಲಿ ಆರ್‌ಎಕ್ಸ್ ಅನ್ನುವ ಗುರುತು. ಅಂದರೆ ಅದು ಪೌಡರ್, ಸ್ನೋ ಥರದ ಸಾಮಾನು ಅಲ್ಲ, ಔಷಧಿ. ಅದನ್ನು ಹಚ್ಚಿಕೊಳ್ಳುತ್ತಿದ್ದ ಹುಡುಗಿಗೆ ಗೊತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ 17 ವರ್ಷ ಈ ಕೆಲಸ ಮಾಡಿದ ನನಗೂ ಪೂರ್ತಿ ಗೊತ್ತಿರಲಿಲ್ಲ.

ಮಾರನೇ ದಿನ ಅಂಗಡಿ ಬಾಗಿಲು ಹಾಕಿ, ಅವಳನ್ನು ಕರೆದುಕೊಂಡು ಹಾಸನಕ್ಕೆ ಬಸ್ಸು ಹತ್ತಿದೆ. ಚರ್ಮದ ಡಾಕ್ಟರಮ್ಮ ನೋಡಿದ ಕೂಡಲೇ ಟ್ಯೂಬು ಎಲ್ಲಿ ಅಂದರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ದಿನಾ ನಾಲ್ಕೈದು ಇಂಥ ಮುಖ ನೋಡ್ತೀನಿ ಅಂದರು. ಆಮೇಲೆ ಪೆನ್ನು ತಗೊಂಡು ಚೀಟಿ ಹಿಂದೆ ಚಿತ್ರ ಬರೆದು ಹೇಳಿದರು. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತೆ. ಟ್ರೆಟಿನಾಯಿನ್ ಮೇಲಿನ ಪದರ ಬೇಗ ಬೇಗ ಉದುರುವ ಹಾಗೆ ಮಾಡುತ್ತೆ. ಈ ಎರಡರಿಂದ ಉರಿ ಆಗಬಾರದು ಅಂತ ಮೂರನೆಯದು ಸೇರಿಸಿರುತ್ತಾರೆ. ಮೊಮೆಟಾಸೋನ್ ಒಂದು ಸ್ಟೀರಾಯ್ಡ್. ಬಂಗು ಇರುವವರಿಗೆ ಈ ಔಷಧಿಯನ್ನು ಡಾಕ್ಟರುಗಳೇ ಬರೆದು ಕೊಡುತ್ತಾರೆ. ಆದರೆ ರಾತ್ರಿ ಹೊತ್ತು, ಬಂಗು ಇರುವ ಜಾಗಕ್ಕೆ ಮಾತ್ರ, ಕೆಲವೇ ವಾರ, ನಡುವೆ ಕರೆಸಿ ನೋಡುತ್ತಾ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಹಾಗೆ ಇಡೀ ಮುಖಕ್ಕೆ ತಿಂಗಳುಗಟ್ಟಲೆ ಬಳಿಯೋಕಲ್ಲ.

ಮೊದಲ ಎರಡು ವಾರ ಮುಖ ಯಾಕೆ ಅಷ್ಟು ಚೆನ್ನಾಗಿ ಕಾಣುತ್ತೆ ಅಂತ ಕೇಳಿದೆ. ಸ್ಟೀರಾಯ್ಡ್ ಚರ್ಮದೊಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಮೊಡವೆಯ ಕೆಂಪು, ಊತ ಎಲ್ಲ ಅಡಗಿಸುತ್ತೆ. ಅದಕ್ಕೇ ಬಿಳುಚಿಕೊಂಡು ನುಣ್ಣಗೆ ಕಾಣುತ್ತೆ. ದಿನ ಕಳೆದ ಹಾಗೆ ಚರ್ಮ ತೆಳ್ಳಗಾಗುತ್ತೆ, ನರ ಕಾಣುತ್ತೆ, ಕೂದಲು ಬೆಳೆಯುತ್ತೆ, ಮೊಡವೆ ಏಳುತ್ತೆ. ಬಿಸಿಲಿಗೆ ಹೋದರೆ ಉರಿ. ಹೆದರಿ ನಿಲ್ಲಿಸಿದರೆ ಇನ್ನೂ ಜಾಸ್ತಿ ಕೆಂಪಾಗಿ ಕೆರೆತ ಶುರು. ಮತ್ತೆ ಹಚ್ಚಿದರೆ ತಣ್ಣಗಾಗುತ್ತೆ. ಹಾಗಾಗಿ ಬಿಡೋಕೇ ಆಗಲ್ಲ. 'ಚರ್ಮಕ್ಕೂ ಚಟ ಹತ್ತುತ್ತೆ ಕಣಮ್ಮ' ಅಂದರು ಡಾಕ್ಟರಮ್ಮ. ನಮ್ಮ ದೇಶದ ಚರ್ಮದ ಡಾಕ್ಟರುಗಳು ಇಂಥ ಮುಖಕ್ಕೇ ಬೇರೆ ಹೆಸರು ಇಟ್ಟಿದ್ದಾರಂತೆ, 'ಸ್ಟೀರಾಯ್ಡಿನಿಂದ ಕೆಟ್ಟ ಮುಖ' ಅಂತ ಅರ್ಥ ಬರುವ ಹೆಸರು. ಕಾಯಿಲೆಗೊಂದು ಹೆಸರು ಇಡುವಷ್ಟು ಜನ ಆಗಿದ್ದಾರೆ ಅಂದರೆ ಲೆಕ್ಕ ಹಾಕಿ.

ಹೈಡ್ರೋಕ್ವಿನೋನ್‌ದು ಇನ್ನೊಂದು ವಿಚಿತ್ರ. ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ಅದೇ ಜಾಗ ನೀಲಿಗಪ್ಪು ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಏನು ಮಾಡಿದರೂ ಸುಲಭಕ್ಕೆ ಹೋಗಲ್ಲ. ಅದೂ ಅಲ್ಲದೆ ಟ್ರೆಟಿನಾಯಿನ್ ಇರುವ ಮುಲಾಮನ್ನು ಬಸುರಿಯರು ಹಚ್ಚಬಾರದು ಅನ್ನುತ್ತಾರೆ. ಈ ಟ್ಯೂಬು ಹಚ್ಚುವವರು ಯಾರು? ಮದುವೆ ಗೊತ್ತಾದ ಹುಡುಗಿಯರು, ಹೊಸದಾಗಿ ಮದುವೆ ಆದವರು. ಹೇಳುವವರು ಯಾರೂ ಇಲ್ಲ.

ಬರುವಾಗ ಆ ಮೆಡಿಕಲ್ ಸ್ಟೋರಿಗೂ ಹೋದೆ. ಹೆಸರು ಬರೆಯಲ್ಲ, ದಿನಾ ಮುಖ ನೋಡಬೇಕಾದವರು. ಚೀಟಿ ಇಲ್ಲದೆ ಯಾಕೆ ಕೊಟ್ರಿ ಅಂದರೆ, 'ಅಕ್ಕ, ನಾವು ಕೊಡದಿದ್ರೆ ಪಕ್ಕದವರು ಕೊಡ್ತಾರೆ. ಗಿರಾಕಿನೂ ಅಲ್ಲಿಗೇ ಹೋಗ್ತಾರೆ' ಅಂದ ಹುಡುಗ. ಅವನ ಮಾತು ಸುಳ್ಳಲ್ಲ. 2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿದೆ. ಆದೇಶ ಕಾಗದದ ಮೇಲಿದೆ, ಟ್ಯೂಬು ಕೌಂಟರ್ ಮೇಲಿದೆ. ಜ್ವರದ ಮಾತ್ರೆ ಕೇಳಿದರೆ ಎಷ್ಟು ದಿನದಿಂದ ಜ್ವರ ಅಂತ ಒಂದು ಮಾತು ಕೇಳುವ ಅಂಗಡಿಯವರು, ಬೆಳ್ಳಗಾಗುವ ಟ್ಯೂಬ್ ಕೊಡಿ ಅಂದರೆ ಚಿಕ್ಕದೋ ದೊಡ್ಡದೋ ಅಂತ ಮಾತ್ರ ಕೇಳುತ್ತಾರೆ.

ಅವನನ್ನು ಬೈದು ಬಂದ ಮೇಲೆ ನನಗೇ ನಾಚಿಕೆಯಾಯಿತು. ಯಾಕೆ ಅಂದರೆ ನಾನೂ ಮಾರಿದ್ದೇನೆ.

ಏಳೆಂಟು ವರ್ಷದ ಹಿಂದೆ ಬೆಂಗಳೂರಿನಿಂದ ಒಬ್ಬ ಏಜೆಂಟ್ ಬರುತ್ತಿದ್ದ. ಪಾರ್ಲರ್ ಸಾಮಾನಿನ ಜೊತೆ ಪುಟ್ಟ ಪುಟ್ಟ ಡಬ್ಬಿ ತರುತ್ತಿದ್ದ. ಹೊರಗೆ ಯಾವುದೋ ದೇಶದ ಲಿಪಿ, ಒಳಗೆ ಮುತ್ತಿನ ಬಣ್ಣದ ಕ್ರೀಮು. ಏನೇನು ಹಾಕಿದ್ದಾರೆ ಅಂತ ಎಲ್ಲೂ ಬರೆದಿರಲಿಲ್ಲ. ಕಂಪನಿಯ ವಿಳಾಸ ಇಲ್ಲ. ಹತ್ತು ದಿನದಲ್ಲಿ ರಿಸಲ್ಟ್ ಅನ್ನುತ್ತಿದ್ದ, ಅದು ಮಾತ್ರ ನಿಜ. ಡಬ್ಬಿಗೆ ನನಗೆ 80 ರೂಪಾಯಿ ಸಿಗುತ್ತಿತ್ತು. ಒಂದು ವರ್ಷ ಮಾರಿದೆ, ಗಿರಾಕಿಗಳಿಗೆ ನನ್ನ ಕೈಯಿಂದಲೇ ಹಚ್ಚಿದೆ.

ನಿಂತಿದ್ದು ಹೇಗೆ ಗೊತ್ತಾ? ನನ್ನ ಬಲಗೈಯಲ್ಲಿ ಅಮ್ಮ ಕೊಟ್ಟ ಚಿನ್ನದ ಉಂಗುರ ಇದೆ. ಒಂದು ದಿನ ನೋಡಿದರೆ ಅದರ ಒಂದು ಕಡೆ ಬೆಳ್ಳಿ ಥರ ಬಿಳಿ ಆಗಿದೆ. ತೊಳೆದೆ, ಉಜ್ಜಿದೆ, ಹೋಗಲಿಲ್ಲ. ಅಮ್ಮನಿಗೆ ಅಂಗಡಿಯವನು ಮೋಸ ಮಾಡಿದ್ದಾನೆ, ಚಿನ್ನದ ನೀರು ಹಾಕಿದ ಬೆಳ್ಳಿ ಕೊಟ್ಟಿದ್ದಾನೆ ಅಂದುಕೊಂಡು ನಮ್ಮ ಪೇಟೆ ಆಚಾರ್ರ ಹತ್ತಿರ ತಗೊಂಡು ಹೋದೆ. ಅವರು ಕನ್ನಡಕ ಮೇಲೆ ಮಾಡಿ, ಉಂಗುರ ತಿರುಗಿಸಿ ನೋಡಿ, ಕೇಳಿದ್ದು ಒಂದೇ: 'ಪಾದರಸ ಮುಟ್ಟಿದ್ಯೇನಮ್ಮ?' ಇಲ್ಲ ಆಚಾರ್ರೇ, ನನಗೆಲ್ಲಿಂದ ಪಾದರಸ ಅಂದೆ. 'ಚಿನ್ನ ಹಿಂಗೆ ಬೆಳ್ಳಗಾಗೋದು ಪಾದರಸ ತಾಗಿದ್ರೆ. ಕಾಯಿಸಿದ್ರೆ ಹೋಗುತ್ತೆ. ಆದ್ರೆ ಆ ಹೊಗೆ ಕುಡಿದು ನಮ್ಮಪ್ಪ ಕೈ ನಡುಗೋ ಕಾಯಿಲೆಲಿ ಹೋದ್ರು' ಅಂದರು. ಅಂಗಡಿಗೆ ಬಂದು ಯೋಚನೆ ಮಾಡಿದೆ. ಆ ಕೈಯಿಂದ ನಾನು ದಿನಾ ಮುಟ್ಟುವ ವಸ್ತುಗಳಲ್ಲಿ ಹೊಸದು ಆ ಡಬ್ಬಿ ಒಂದೇ.

ಪಾದರಸ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ನಿಲ್ಲಿಸುತ್ತೆ, ಅದಕ್ಕೇ ಅದನ್ನು ಕದ್ದು ಸೇರಿಸುತ್ತಾರೆ ಅಂತ ಆಮೇಲೆ ತಿಳಿಯಿತು. ಆದರೆ ಅದು ಚರ್ಮದಲ್ಲೇ ಉಳಿಯಲ್ಲ. ರಕ್ತಕ್ಕೆ ಇಳಿದು ಕಿಡ್ನಿಗೆ ಹೋಗುತ್ತೆ. ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತೆ. ನಮ್ಮ ದೇಶದ ಕಾನೂನಿನ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸ 10 ಲಕ್ಷ ಭಾಗಕ್ಕೆ 1 ಭಾಗ ಮೀರಬಾರದು. ಅದೂ ಬೇಕೆಂದು ಹಾಕುವ ಹಾಗಿಲ್ಲ, ತಾನಾಗಿ ಸೇರಿದ್ದಕ್ಕೆ ಮಾತ್ರ ಆ ವಿನಾಯಿತಿ.

ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಕಿಡ್ನಿ ಡಾಕ್ಟರುಗಳು ಒಂದು ವಿಷಯ ಗಮನಿಸಿದರು. ಮುಖ, ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಅಂತ ಬರುತ್ತಿದ್ದವರ ಕಿಡ್ನಿಯಿಂದ ಪ್ರೋಟೀನ್ ಸೋರಿ ಹೋಗುತ್ತಿತ್ತು. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಇಂಥ 22 ಜನರನ್ನು ಪರೀಕ್ಷೆ ಮಾಡಿದರು. ಅವರಲ್ಲಿ 15 ಜನಕ್ಕೆ ಬಂದಿದ್ದು ಅಪರೂಪದ ಒಂದೇ ಬಗೆಯ ಕಾಯಿಲೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರಿಗೆ ಕಡಿಮೆಯಾಯಿತು, ಅದೊಂದು ಪುಣ್ಯ. ಆ ಸುದ್ದಿ ಓದಿದ ರಾತ್ರಿ ನಾನು ಹಳೇ ನೋಟ್‌ಬುಕ್ ತೆಗೆದು ಡಬ್ಬಿ ಕೊಂಡವರ ಹೆಸರು ಹುಡುಕಿದೆ. 41 ಜನ. 29 ಜನಕ್ಕೆ ಫೋನ್ ಸಿಕ್ಕಿತು. ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಕೆಲವರು ಬೈದರು, ಇಬ್ಬರು ಈಗ ನಮ್ಮ ಅಂಗಡಿಗೆ ಬರುವುದಿಲ್ಲ. ಬೈಸಿಕೊಳ್ಳಬೇಕಾದ್ದೇ.

ಈಗಲೂ ಅಂಥ ಡಬ್ಬಿಗಳು ಬರುತ್ತಿವೆ, ಏಜೆಂಟ್ ಬದಲು ಫೋನಿನಲ್ಲಿ. ಗುರುತು ಹಿಡಿಯೋಕೆ ನನಗೆ ಗೊತ್ತಿರುವ ದಾರಿ ಹೇಳುತ್ತೇನೆ. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಒಳಗೆ ಏನಿದೆ ಅನ್ನುವ ಪಟ್ಟಿ ಇಲ್ಲದಿದ್ದರೆ ಮುಟ್ಟಬೇಡಿ. ಚಿನ್ನ ಬೆಳ್ಳಿಗೆ ತಾಗಿಸಬೇಡಿ ಅಂತ ಬರೆದಿದ್ದರಂತೂ ಆಚಾರ್ರ ಮಾತು ಜ್ಞಾಪಿಸಿಕೊಳ್ಳಿ. ಪಟ್ಟಿಯಲ್ಲಿ ಮರ್ಕ್ಯುರಿ, ಕ್ಯಾಲೊಮೆಲ್ ಅಂತ ಇದ್ದರೆ ಅದು ಪಾದರಸವೇ.

ಇಷ್ಟೆಲ್ಲ ಗೊತ್ತಾದರೂ ಯಾಕೆ ಹಚ್ಚುತ್ತಾರೆ ಅಂತ ನೀವು ಕೇಳಬಹುದು. ಒಂದು ದಿನ ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಮಾತು ಕೇಳಿ. 'ಹುಡುಗಿ ಚೆನ್ನಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ' ಅನ್ನುತ್ತಾರೆ. ಬಣ್ಣ ಕಮ್ಮಿ ಹೇಗೆ ಆಗುತ್ತೆ? ಡಾಕ್ಟರಮ್ಮ ಹೇಳಿದ ಪ್ರಕಾರ ಬಣ್ಣ ತಯಾರಿಸುವ ಕಣಗಳು ಎಲ್ಲರಿಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ, ಕಪ್ಪಗಿರುವವರಲ್ಲಿ ಅವು ಜಾಸ್ತಿ ಬಣ್ಣ ಮಾಡುತ್ತವೆ. ಆ ಬಣ್ಣವೇ ಬಿಸಿಲಿಗೆ ಹಿಡಿದ ಕೊಡೆ. ಹಾಗಾದರೆ ಬಣ್ಣ ಕಮ್ಮಿ ಇರುವುದು ಬೆಳ್ಳಗಿರುವವರಿಗೇ ಅಲ್ವಾ? ಇನ್ನೊಂದು ಮಾತು, 'ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ'. ಆ 'ಇದ್ರೂ' ಇದೆಯಲ್ಲ, ಆ ಟ್ಯೂಬು ಮಾರಾಟ ಆಗೋದೇ ಅದರಿಂದ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ಫೇರ್ ತೆಗೆದು ಗ್ಲೋ ಅಂತ ಮಾಡಿಕೊಂಡಿತು. ನಮ್ಮ ಬೆಂಚಿನ ಮೇಲಿನ ಮಾತು ಬದಲಾಗಲಿಲ್ಲ.

ಬೆಂಚಿನ ಮಾತು ಬಿಡಿ. ನಿಮ್ಮದೇ ಪತ್ರಿಕೆಯ ಭಾನುವಾರದ ವಧೂವರರ ಕಾಲಂ ತೆಗೆದು ನೋಡಿ. 'ಬೆಳ್ಳಗಿನ, ಲಕ್ಷಣವಾದ ವಧು ಬೇಕು.' ಅದೇ ಪೇಪರಿನ ಇನ್ನೊಂದು ಪುಟದಲ್ಲಿ ಬೆಳ್ಳಗಾಗಲು ನಿಂಬೆರಸ. ಕಾಯಿಲೆನೂ ನಿಮ್ಮಲ್ಲೇ, ಮದ್ದೂ ನಿಮ್ಮಲ್ಲೇ. ಬೇಜಾರು ಮಾಡ್ಕೋಬೇಡಿ ಸಂಪಾದಕರೇ, 20 ವರ್ಷದಿಂದ ನಿಮ್ಮ ಪೇಪರ್ ತರಿಸುತ್ತೇನೆ, ಆ ಸಲುಗೆಯಲ್ಲಿ ಹೇಳಿದೆ.

ಹಾಗಾದರೆ ನೀನು ಗಿರಾಕಿಗೆ ಏನು ಹೇಳ್ತೀಯ ಅಂದರೆ, ದೊಡ್ಡ ವಿಷಯ ಏನೂ ಇಲ್ಲ. ಮುಖವನ್ನು ದಿನಕ್ಕೆ ಎರಡು ಸಲ ಮೆತ್ತಗಿನ ಸೋಪಲ್ಲಿ ತೊಳೆಯಿರಿ, ತಿಕ್ಕಬೇಡಿ. ಒಣಗಿದ್ದರೆ ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಬಿಸಿಲಿಗೆ ಹೋಗುವ ಮುಂಚೆ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನ್. ಎರಡು ಬೆರಳುದ್ದ ಹಿಂಡಬೇಕು, ಬಟಾಣಿ ಕಾಳಿನಷ್ಟಲ್ಲ. ಬೆವರಿದರೆ ಮತ್ತೆ ಹಚ್ಚಬೇಕು. ದುಡ್ಡಿಲ್ಲ ಅಂದರೆ ಛತ್ರಿ ಹಿಡಿಯಿರಿ, ಸೆರಗು ಹೊದ್ದುಕೊಳ್ಳಿ, ಹೊಲದ ಕೆಲಸಕ್ಕೆ ಅಗಲ ಟೊಪ್ಪಿಗೆ ಹಾಕಿ. ಕಡ್ಲೆಹಿಟ್ಟು ಹಚ್ಚುವ ಅಭ್ಯಾಸ ಇದ್ದರೆ ಹಚ್ಚಿಕೊಳ್ಳಿ, ಎಣ್ಣೆ ಜಿಡ್ಡು ಹೋಗುತ್ತೆ. ಬಣ್ಣ ಹೋಗಲ್ಲ. ಬ್ಲೀಚ್ ಮಾಡಿಸೋಕೆ ಬಂದವರನ್ನು ಈಗ ನಾನು ವಾಪಸ್ ಕಳಿಸುತ್ತೇನೆ. ಅದು ಮುಖದ ಕೂದಲಿನ ಬಣ್ಣ ತೆಗೆಯುತ್ತೆ ಅಷ್ಟೇ, ಚರ್ಮ ಉರಿಯುವುದು ಬೇರೆ. ತಿಂಗಳಿಗೆ ಒಂದಷ್ಟು ದುಡ್ಡು ಕೈಬಿಟ್ಟಿದೆ.

ಒಂದು ವಿಷಯ ಮಾತ್ರ ಜೋರಾಗಿ ಹೇಳಬೇಕು. ಕುತ್ತಿಗೆ ಹಿಂದೆ ಕಪ್ಪಗೆ, ವೆಲ್ವೆಟ್ ಬಟ್ಟೆಯಂತೆ ದಪ್ಪಗಾಗಿದೆ, ಉಜ್ಜಿ ಕ್ಲೀನ್ ಮಾಡಿ ಅಂತ ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಕೊಳೆ ಅಂದುಕೊಂಡು ಕಲ್ಲಿನಲ್ಲಿ ಉಜ್ಜಿ ಗಾಯ ಮಾಡಿಕೊಂಡವರೂ ಇದ್ದಾರೆ. ಅದು ಕೊಳೆ ಅಲ್ಲ. ಎಷ್ಟೋ ಸಲ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಸಕ್ಕರೆ ಕಾಯಿಲೆ ಹತ್ತಿರದಲ್ಲಿದೆ ಅನ್ನುವ ಸೂಚನೆ. ಅದಕ್ಕೆ ಹಚ್ಚೋಕೆ ನನ್ನ ಹತ್ತಿರ ಏನೂ ಇಲ್ಲ, ಶುಗರ್ ಚೆಕ್ ಮಾಡಿಸಿ ಅಂತ ಕಳಿಸುತ್ತೇನೆ. ಹೋದ ವರ್ಷ ಕಳಿಸಿದವರಲ್ಲಿ ಒಬ್ಬರಿಗೆ 280 ಇತ್ತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ನಿಂಬೆ ಸೋಡಾ ಸಲಹೆ ತಪ್ಪಾಯಿತು ಅಂತ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಚೌಕದಲ್ಲಿ ಹಾಕಿ. ವಧೂವರರ ಕಾಲಂನಲ್ಲಿ ಬಣ್ಣದ ಮಾತು ತೆಗೆದುಕೊಳ್ಳಲ್ಲ ಅಂತ ಒಂದು ನಿಯಮ ಮಾಡಿ. ಇನ್ನೊಂದು ಸರ್ಕಾರಕ್ಕೆ ಮುಟ್ಟಿಸಿ. ಚೀಟಿ ಬೇಕಾದ ಮುಲಾಮಿನ ಮೇಲೆ 'ಇದು ಔಷಧಿ, ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಬೇಡಿ' ಅಂತ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಸಲಿ. ಗೊಬ್ಬರದ ಚೀಲದ ಮೇಲೆ ಕನ್ನಡ ಕಾಣುತ್ತೆ, ಮುಖಕ್ಕೆ ಹಚ್ಚುವುದರ ಮೇಲೆ ಯಾಕೆ ಆಗಲ್ಲ?

ಆ ಹುಡುಗಿ ಈಗ ಪರವಾಗಿಲ್ಲ. ಡಾಕ್ಟರಮ್ಮ ನಿಧಾನಕ್ಕೆ ಬಿಡಿಸಿದರು. ನಡುವೆ ಒಂದೂವರೆ ತಿಂಗಳು ಮುಖ ಕೆಂಪಗೆ ಊದಿ, ಫ್ಯಾನ್ ಕೆಳಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದಳು. ಮದುವೆ ಎರಡು ತಿಂಗಳು ಮುಂದೆ ಹೋಯಿತು. ಗಂಡಿನ ಮನೆಯವರು ಏನೂ ಅನ್ನಲಿಲ್ಲ ಅಂತ ಅವಳಮ್ಮ ಹೇಳಿದರು, ನಿಜವೋ ಏನೋ. ಮೇಲ್ತುಟಿ ಮೇಲೆ ಒಂದು ಸಣ್ಣ ಕಲೆ ಉಳಿದಿದೆ. ನನ್ನ ದಾರದ್ದು.

ಅವಳು ತಂದಿದ್ದ ಟ್ಯೂಬಿನ ಖಾಲಿ ಪೆಟ್ಟಿಗೆಯನ್ನು ಬಿಚ್ಚಿ, ಚಪ್ಪಟೆ ಮಾಡಿ, ನನ್ನ ದೊಡ್ಡ ಕನ್ನಡಿ ಪಕ್ಕ ಅಂಟಿಸಿದ್ದೇನೆ. ಕಂಪನಿ ಹೆಸರಿನ ಮೇಲೆ ಟೇಪ್ ಹಾಕಿದ್ದೇನೆ. ಆರ್‌ಎಕ್ಸ್ ಅನ್ನುವ ಗುರುತಿನ ಸುತ್ತ ಕೆಂಪು ನೇಲ್‌ಪಾಲಿಶ್‌ನಲ್ಲಿ ಒಂದು ಸೊನ್ನೆ. ಕುರ್ಚಿಯಲ್ಲಿ ಕೂತವರು ಇದೇನಕ್ಕ ಅಂತ ಕೇಳೇ ಕೇಳುತ್ತಾರೆ. ನಿಮ್ಮ ತಿದ್ದುಪಡಿ ಬಂದ ದಿನ ಅದನ್ನೂ ಕತ್ತರಿಸಿ ಪಕ್ಕದಲ್ಲೇ ಅಂಟಿಸುತ್ತೇನೆ, ಜಾಗ ಬಿಟ್ಟಿದ್ದೇನೆ.

ಇಂತಿ,
ಬ್ಯೂಟಿ ಪಾರ್ಲರ್ ನಡೆಸುವವಳು, ಅರಸೀಕೆರೆ
(ಗಿರಾಕಿಗಳ ಗುರುತು ಸಿಗಬಾರದು ಅಂತ ಹೆಸರು ಬೇಡ ಅಂದಿದ್ದೇನೆ)